ಮನೆಯ ಪಾಠ, ಸೀಮೆಯ ಪಾಠ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸಬೇಕೆಂದು ನಿಶ್ಚಯಿಸಿದ ತಂದೆತಾಯಿಗಳು ಅದಕ್ಕೆ ಕೊಡುವ ಕಾರಣಗಳಲ್ಲಿ, ಪ್ರಕೃತಿಯ ಪರಿಚಯವು ಶಾಲೆಯ ಗೋಡೆಗಳೊಳಗೆ ಲಭಿಸದೆಂಬುದು ಪ್ರಮುಖವಾದುದು. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಶಾಲೆಯ ಹೊಸ್ತಿಲನ್ನು ದಾಟಿದ ಮಾತ್ರಕ್ಕೆ ಮಗುವು ಪ್ರಕೃತಿಯ ಅಂಗಳವನ್ನು ಹೊಕ್ಕಿತೆಂದು ಭಾವಿಸುವುದು ಅವಸರದ ತೀರ್ಮಾನ, ಏಕೆಂದರೆ ಮನೆಗೂ ಗೋಡೆಗಳಿವೆ. ಶಾಲೆಯು ಕೊಡಲಾರದ ಯಾವುದನ್ನು ಮನೆಯು ಕೊಡಬಲ್ಲುದು, ಮನೆಯೊಂದೇ ಕೊಡಲಾರದುದು ಯಾವುದು ಎಂಬ ಎರಡು ಪ್ರಶ್ನೆಗಳನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಉಚಿತ. ಬೆಂಗಳೂರಿನವರು ಮಕ್ಕಳಿಗೆ ಬೆಟ್ಟವನ್ನು ತೋರಿಸಬೇಕಾದರೆ ಮೊದಲು ನೆನೆಯುವುದು ಈ ಸೀಮೆಯನ್ನೇ. ಇಲ್ಲಿಯ ಜನರಿಗಾದರೋ ಹುಳು, ಮರ, ಮೃಗಗಳು ನೋಟದ ವಸ್ತುಗಳಾಗಿರದೆ ಬದುಕಿನ ಲಾಭನಷ್ಟಗಳಾಗಿವೆ.

ಮನೆಯು ಕೊಡಬಲ್ಲ ಮೊದಲನೆಯ ವರ ಕಾಲಾವಕಾಶ. ರೇಷ್ಮೆಯ ಹುಳುವು ಮೊಟ್ಟೆಯೊಡೆದು ಬಂದು, ಹಿಪ್ಪುನೇರಳೆಯ ಸೊಪ್ಪನ್ನು ತಿಂದು, ನಾಲ್ಕು ಸಲ ಜ್ವರಕ್ಕೆ ಕೂತು, ಎಂದರೆ ಮೇವನ್ನು ತೊರೆದು ನಿಶ್ಚಲವಾಗಿದ್ದು ಹಳೆಯ ಚರ್ಮವನ್ನು ಕಳಚಿ, ಕಡೆಗೆ ಹಣ್ಣಾಗಿ ಚಂದ್ರಿಕೆಯೆಂಬ ತಟ್ಟಿಯನ್ನೇರಿ ಗೂಡು ಕಟ್ಟಿ ಮುಗಿಸುವುದಕ್ಕೆ ಸುಮಾರು ನಾಲ್ಕು ವಾರಗಳು ಬೇಕು. ಪಠ್ಯಪುಸ್ತಕವು ಇದನ್ನು ಒಂದೇ ಚಿತ್ರದಲ್ಲಿ ಅಡಗಿಸುತ್ತದೆ. ಚಿತ್ರವನ್ನು ಕಂಡ ಮಗುವಿಗೆ ಕ್ರಮವು ತಿಳಿಯುವುದು. ಹುಳುಮನೆಗೆ ದಿನದಿನವೂ ಹೋಗಿಬಂದ ಮಗುವಿಗೆ, ಒದ್ದೆ ಸೊಪ್ಪಿನಿಂದಲೋ, ಮನೆಯ ಸೆಕೆಯಿಂದಲೋ, ಊಜಿ ನೊಣದಿಂದಲೋ ಆ ಕ್ರಮವು ನಡುವೆಯೇ ತಪ್ಪಬಹುದೆಂಬುದೂ ತಿಳಿಯುವುದು. ತನ್ನ ಇಚ್ಛೆಗೆ ಒಳಪಡದ ಒಂದು ಕಾಲಗತಿಗೆ ತನ್ನ ಮನಸ್ಸನ್ನು ಒಪ್ಪಿಸಿ ಕಾಯುವ ಈ ಸಂಯಮವೇ ಪ್ರಕೃತಿಪಾಠದ ಸಾರವೆಂದು ನಾನು ಭಾವಿಸುತ್ತೇನೆ. ಇಪ್ಪತ್ತು ಹಕ್ಕಿಗಳ ಹೆಸರನ್ನು ಒಪ್ಪಿಸುವ ಚಾತುರ್ಯವು ಅದರ ಮುಂದೆ ಅಲ್ಪವಾದುದು. ನಲವತ್ತು ನಿಮಿಷಗಳ ಅವಧಿಗಳಲ್ಲಿ ದಿನವನ್ನು ಹಂಚಿಕೊಂಡ ಶಾಲೆಗೆ ಇಂತಹ ಕಾಯುವಿಕೆಯು ಸುಲಭಸಾಧ್ಯವಲ್ಲ.

ಮನೆಯಲ್ಲಿ ಹೀಗೆ ಕಲಿಸುವುದಕ್ಕೆ ನಮ್ಮಲ್ಲಿ ಪೂರ್ವನಿದರ್ಶನವಿಲ್ಲದಿಲ್ಲ. ಪುತ್ತೂರಿನ ಬಾಲವನದಲ್ಲಿ ನೆಲಸಿದ್ದ ಶಿವರಾಮ ಕಾರಂತರು ತಮ್ಮ ಮಕ್ಕಳ ಎಳವೆಯ ಪಾಠವನ್ನು ಮನೆಯಲ್ಲಿಯೇ ನಡೆಯಿಸಿದರು. ಅವರಲ್ಲಿ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿಯೂ ಕಾಡಿನ ಕಡೆಗೆ ತಿರುಗಿ, ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಲೋಕವಿಖ್ಯಾತರಾದರು. ಒಂದು ಮನೆಯ ನಿದರ್ಶನದಿಂದ ಸಾರ್ವತ್ರಿಕ ನಿಯಮವನ್ನು ಕಟ್ಟಲಾಗದು, ಕಾರಂತರ ಮನೆಯು ಎಲ್ಲರಿಗೂ ದೊರೆಯತಕ್ಕ ಮನೆಯೂ ಅಲ್ಲ. ಇಲ್ಲಿ ಗಮನಿಸಬೇಕಾದುದು ಬೇರೊಂದುಂಟು: ಪ್ರತ್ಯಕ್ಷಾನುಭವದಲ್ಲಿ ಅಷ್ಟು ಶ್ರದ್ಧೆಯನ್ನಿಟ್ಟಿದ್ದ ಶಿವರಾಮ ಕಾರಂತರೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳಿಗಾಗಿ ಬರೆದರು. ಕಣ್ಣನ್ನು ನಂಬಿದವರು ಪುಸ್ತಕವನ್ನು ತಿರಸ್ಕರಿಸಲಿಲ್ಲ.

ತಿರಸ್ಕರಿಸಬಾರದೇಕೆಂಬುದಕ್ಕೆ ರಾಮನಗರದ ರಾಮದೇವರ ಬೆಟ್ಟವೇ ಉತ್ತರ ಕೊಡುವುದು. 2012ರಲ್ಲಿ ರಣಹದ್ದುಗಳಿಗಾಗಿ ವನ್ಯಧಾಮವೆಂದು ಘೋಷಿತವಾದ ಈ ಬೆಟ್ಟದ ಬುಡದಲ್ಲಿ ದುರ್ಬೀನನ್ನು ಹಿಡಿದು ನಿಂತ ಮಗುವಿಗೆ ಒಂದೆರಡು ಹಕ್ಕಿಗಳು ಕಂಡರೆ ಅದೃಷ್ಟ, ಕಾಣದಿದ್ದರೆ ಬರಿಯ ಆಕಾಶ. ಆ ಆಕಾಶವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಹಕ್ಕಿಗಳು ಏಕೆ ವಿರಳವಾದುವೆಂಬುದು ಹೊಳೆಯದು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿಯು, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ದೇಹವನ್ನು ಸೇರಿ ಅದರ ಮೂತ್ರಪಿಂಡಗಳನ್ನು ಕೆಡಿಸುವುದೆಂದು 2004ರಲ್ಲಿ ವಿಜ್ಞಾನಿಗಳು ಸತ್ತ ಹಕ್ಕಿಗಳನ್ನು ಸೀಳಿ ಪರೀಕ್ಷಿಸಿ ತೋರಿಸಿಕೊಟ್ಟರು. 2006ರಲ್ಲಿ ಭಾರತವು ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಕಾಲಡಿಯ ಗ್ರಾನೈಟು ಸುಮಾರು 250 ಕೋಟಿ ವರ್ಷಗಳದೆಂಬುದನ್ನೂ ಕಣ್ಣು ತಾನಾಗಿ ಅರಿಯಲಾರದು. ನೋಟವು ಪ್ರಶ್ನೆಯನ್ನು ಹುಟ್ಟಿಸೀತು. ಉತ್ತರಕ್ಕೆ ಪರರು ಪಟ್ಟ ಶ್ರಮದ ಫಲವನ್ನು ಆಶ್ರಯಿಸಲೇಬೇಕು. ‘ಸುಮ್ಮನೆ ನೋಡು, ಸಾಕು’ ಎನ್ನುವ ತಾಯಿತಂದೆಗಳು ಪಾಠವನ್ನು ಅರ್ಧಕ್ಕೇ ನಿಲ್ಲಿಸಿದಂತಾಗುವುದು.

ಮನೆಯೊಂದೇ ಕೊಡಲಾರದ ಇನ್ನೊಂದು ವಸ್ತು, ಪ್ರಕೃತಿಯೊಡನೆ ವ್ಯವಹರಿಸಿ ಬದುಕುವವರ ಸಹವಾಸ. ಚನ್ನಪಟ್ಟಣದ ಕುಶಲಕರ್ಮಿಯು ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಬಣ್ಣದ ಅರಗನ್ನೊತ್ತಿ, ಘರ್ಷಣೆಯ ಶಾಖದಿಂದಲೇ ಅದನ್ನು ಕರಗಿಸಿ, ತಾಳೆಗರಿಯಿಂದ ಉಜ್ಜಿ ಹೊಳಪೇರಿಸುವಾಗ, ಮರ, ಅರಗಿನ ಕೀಟ, ಎಲೆ ಇವುಗಳ ಗುಣಗಳನ್ನು ಅವನ ಕೈಯೇ ಬಲ್ಲುದು. ಕನಕಪುರದ ಕಾಡಂಚಿನ ರೈತನು ರಾಗಿಯ ಹೊಲದಲ್ಲಿ ಇರುಳೆಲ್ಲ ಕಾವಲಿರುವುದು, ಚಿತ್ರಪುಸ್ತಕದಲ್ಲಿ ನಮ್ಮ ಮಕ್ಕಳು ಮುದ್ದಿಸುವ ಆನೆಯನ್ನು ದೂರವಿಡುವುದಕ್ಕಾಗಿ. ರೇಷ್ಮೆಯ ಎಳೆಯು ತುಂಡಾಗದೆ ಬರಬೇಕಾದರೆ ಗೂಡಿನೊಳಗಿನ ಜೀವವು ಚಿಟ್ಟೆಯಾಗುವುದಕ್ಕೆ ಮೊದಲೇ ಸಾಯಬೇಕು. ಹುಳುವನ್ನು ನಾಲ್ಕು ವಾರ ಅಕ್ಕರೆಯಿಂದ ನೋಡಿದ ಮಗುವು ಇದನ್ನು ಕೇಳಿ ಅಳಬಹುದು. ಅಳುವಿಗೆ ಅಂಜಿ ಆ ಸತ್ಯವನ್ನು ಮುಚ್ಚಿಡಲಾಗದು. ಸಾಕಿದವರನ್ನು ಕ್ರೂರರೆಂದು ಕಲಿಸುವುದೂ ಸಲ್ಲದು. ನಮ್ಮ ಸೌಖ್ಯಕ್ಕೆ ಇತರ ಜೀವಗಳು ತೆರುವ ಬೆಲೆ, ಇತರರ ಸೌಖ್ಯಕ್ಕೆ ರೈತನು ತೆರುವ ಬೆಲೆ, ಇವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಬಲ್ಲ ಶಕ್ತಿಯನ್ನು ಬೆಳೆಸದ ಪ್ರಕೃತಿಪ್ರೇಮವು ಕೇವಲ ವಿಲಾಸ.

ಇಲ್ಲಿ ಒಂದು ಆಕ್ಷೇಪವು ಏಳುವುದು, ಅದನ್ನು ಹಗುರಾಗಿ ಕಾಣಲಾಗದು. ಈ ಸೀಮೆಯ ನೂಲು ಬಿಚ್ಚುವ ಕೆಲಸದಲ್ಲಿ ಎಷ್ಟೋ ಮಕ್ಕಳು ಶಾಲೆಯನ್ನು ಕಾಣದೆ ದುಡಿದುದುಂಟು. ಅಂತಹವರಿಗೆ ಶಾಲೆಯ ಬೆಂಚೇ ಬಿಡುಗಡೆಯ ಸ್ಥಾನವಾಗಿತ್ತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿಸಿ, ಮಕ್ಕಳನ್ನು ಸೇರಿಸುವುದನ್ನು ತಂದೆತಾಯಿಗಳ ಕರ್ತವ್ಯವೆಂದು ಹೇಳಿತಾದರೂ, ತಪ್ಪಿದವರಿಗೆ ದಂಡವನ್ನು ವಿಧಿಸಲಿಲ್ಲ. ಮನೆಪಾಠದ ಕುಟುಂಬಗಳು ಉಸಿರಾಡುವುದು ಈ ಎಡೆಯಲ್ಲಿಯೇ. ಶಾಲೆಯನ್ನು ಬಿಡುವ ಸ್ವಾತಂತ್ರ್ಯವು ಶಾಲೆಯುಳ್ಳವರಿಗೆ ಮಾತ್ರ ಸ್ವಾತಂತ್ರ್ಯ. ಸೊಪ್ಪು ಕೊಯ್ಯುವುದು ಒಂದು ಮಗುವಿಗೆ ಪಾಠ, ಇನ್ನೊಂದಕ್ಕೆ ಪಾಠದ ತಡೆ. ಎರಡನ್ನೂ ಒಂದೇ ಹೆಸರಿನಿಂದ ಕೊಂಡಾಡುವುದು ಅನ್ಯಾಯ. ಆದಕಾರಣ ಮನೆಯಲ್ಲಿ ಕಲಿಸುವವರು ಶಾಲೆಯನ್ನು ಹಳಿಯುವ ಗೊಡವೆಗೆ ಹೋಗದೆ, ತಮಗೆ ದೊರೆತ ಬಿಡುವನ್ನು ಋಣವೆಂದು ತಿಳಿಯುವುದು ಲೇಸು.

ಋಣವು ತೀರುವ ಬಗೆಯೂ ಕಠಿನವಾದುದಲ್ಲ. ಮಾಗಡಿಯ ಸಾವನದುರ್ಗವನ್ನು ನೋಡಹೋಗುವ ಕುಟುಂಬವು ಬೆಟ್ಟದ ಬುಡದ ಹಳ್ಳಿಯ ಶಾಲೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡರೆ, ದುರ್ಬೀನು ಇವರದು, ಹಳ್ಳಕೊಳ್ಳಗಳ ತಿಳಿವು ಅವರದು. ಯಾರು ಯಾರಿಗೆ ಕಲಿಸುವರೆಂಬ ಲೆಕ್ಕವು ಬಹುಬೇಗ ತಲೆಕೆಳಗಾಗುವುದು. ಮನೆಯ ಪಾಠವು ತನ್ನ ಮಗುವೊಂದನ್ನೇ ಸೂಕ್ಷ್ಮದೃಷ್ಟಿಯುಳ್ಳದನ್ನಾಗಿ ಮಾಡಿ ತೃಪ್ತಿಪಟ್ಟರೆ ಅದು ಸಣ್ಣ ಯಶಸ್ಸು. ಆ ದೃಷ್ಟಿಯು ಸುತ್ತಣ ಜನರ ಶ್ರಮವನ್ನೂ ಕಾಣುವಷ್ಟು ವಿಶಾಲವಾದರೆ ಮಾತ್ರ ಅದನ್ನು ವಿದ್ಯೆಯೆಂದು ಕರೆಯಬಹುದು.