ಗೋದಲಿಯ ರಾಗಿ ಪೈರು

ಡಿಸೆಂಬರ್ ಬಂತೆಂದರೆ ನಮ್ಮ ಬಂಧುವರ್ಗದ ತಾಯಂದಿರಿಂದ ನನಗೆ ತಪ್ಪದೆ ಒಂದು ದೂರು ಬರುತ್ತದೆ: "ದೊಡ್ಡಪ್ಪ, ಮಕ್ಕಳಿಗೆ ಕ್ರಿಸ್‌ಮಸ್ ಎಂದರೆ ಮೊದಲಿನ ಉತ್ಸಾಹವೇ ಇಲ್ಲ." ಆ ಮಕ್ಕಳ ವಯಸ್ಸು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು. ಮೂವತ್ತನಾಲ್ಕು ವರ್ಷ ಅದೇ ವಯಸ್ಸಿನವರಿಗೆ ಪಾಠ ಹೇಳಿದ ನನಗೆ ಬೇರೊಂದು ಕಾರಣ ತೋರುತ್ತದೆ. ಹಬ್ಬದಲ್ಲಿ ನಾವು ಅವರಿಗೆ ಕೊಟ್ಟ ಸ್ಥಳ, ಹೋದ ವರ್ಷ ಹೊಲಿಸಿದ ಅಂಗಿಯಂತೆ, ಈಗ ಬಿಗಿಯಾಗಿದೆ.

1980ರ ದಶಕದ ಕೊನೆಯಲ್ಲಿ ನಾವು ಬೊಮ್ಮನಹಳ್ಳಿಗೆ ಬಂದಾಗ ಬೇಗೂರಿನ ಕಡೆಗೆ ಇನ್ನೂ ರಾಗಿ ಹೊಲಗಳಿದ್ದವು. ಗೋದಲಿಗೆ ಬೇಕಾದ ಹುಲ್ಲನ್ನು ನನ್ನ ಮಗ ಅಲ್ಲಿಂದಲೇ ಹೊತ್ತು ತರುತ್ತಿದ್ದ. 2007ರಲ್ಲಿ ನಮ್ಮ ನಗರಸಭೆ ಬೃಹತ್ ಬೆಂಗಳೂರಿನಲ್ಲಿ ಲೀನವಾಯಿತು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಬಂತು. ಈಗ ಹುಲ್ಲು, ಕುಟೀರ, ನಕ್ಷತ್ರ ಎಲ್ಲವೂ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಎಲ್ಲವೂ ಸಿದ್ಧವಾಗಿರುವಲ್ಲಿ ಹನ್ನೊಂದರ ಮಗು ಮಾಡುವುದಾದರೂ ಏನು?

1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಗೋದಲಿ ಏರ್ಪಡಿಸಿದಾಗ ಅಲ್ಲಿ ಜೀವಂತ ಎತ್ತು, ಕತ್ತೆಗಳಿದ್ದವು. ಊರ ಜನ ದೀಪ ಹಿಡಿದು ಬಂದು ಸುತ್ತ ನಿಂತರು. ಗೋದಲಿ ಎಂದರೆ ಬರಿಯ ನೋಟವಲ್ಲ, ಕೈಹಾಕಿ ಮಾಡುವ ಕೆಲಸ.

ಇಷ್ಟನ್ನು ಬಲ್ಲ ನಾನೇ ಒಮ್ಮೆ ಎಡವಿದ್ದೇನೆ. ಮಗನಿಗೆ ಹನ್ನೆರಡು ತುಂಬಿದ ವರ್ಷ, ಕಲ್‌ಕಲ್ ಮತ್ತು ರೋಸ್ ಕುಕ್ಕೀಸ್ ತುಂಬಿದ ತಟ್ಟೆಗಳನ್ನು ನೆರೆಮನೆಗಳಿಗೆ ಕೊಂಡೊಯ್ಯಲು ಅವನು ನಾಚಿದ. ಬಂದ ನೆಂಟರ ಎದುರಿನಲ್ಲೇ ನಾನು ಗದರಿಸಿದೆ. ಅವನು ಸಂಜೆಯವರೆಗೆ ತಾರಸಿಯ ಮೇಲೆ ಒಬ್ಬನೇ ಕುಳಿತಿದ್ದ. ಮುಂದೆ ಎಷ್ಟೋ ವರ್ಷ ಅವನು ಹಬ್ಬಕ್ಕೆ ಸೇರಿದ್ದು ನಮ್ಮ ಬಲವಂತಕ್ಕೆ. ತರಗತಿಯ ನಲವತ್ತು ಮಕ್ಕಳ ಮನಸ್ಸು ಬಲ್ಲೆನೆಂಬ ಹಮ್ಮಿದ್ದವನಿಗೆ ಮನೆಯ ಒಂದು ಮನಸ್ಸು ತಿಳಿಯಲಿಲ್ಲ.

ಕಳೆದ ವರ್ಷ ಆಗಮನ ಕಾಲದಲ್ಲಿ ಅವನ ಮಗಳು, ಹನ್ನೊಂದರ ಹುಡುಗಿ, ನನ್ನ ಕಿವಿಯಲ್ಲಿ ಕೇಳಿದಳು: "ತಾತ, ಸಾಂತಾ ಕ್ಲಾಸ್ ನಿಜವಾಗಿ ಇಲ್ಲ ಅಲ್ವಾ? ತಮ್ಮನಿಗೆ ಹೇಳಿಬಿಡಲಾ?" ನಾನು ಮುಚ್ಚಿಡಲಿಲ್ಲ. ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿಯಲ್ಲಿರುವ ಮೈರಾ ಎಂಬ ಊರಿನಲ್ಲಿ ನಿಕೊಲಾಸ್ ಎಂಬ ಧರ್ಮಾಧ್ಯಕ್ಷರಿದ್ದರು. ಬಡವರಿಗೆ ಗುಟ್ಟಾಗಿ ಕೊಟ್ಟವರೆಂದು ಅವರ ಕಥೆಗಳು ಹೇಳುತ್ತವೆ. "ಗುಟ್ಟು ತಿಳಿದವರು ಇನ್ನು ಪಡೆಯುವ ಸಾಲಿನಲ್ಲಿ ನಿಲ್ಲುವುದಿಲ್ಲ, ಕೊಡುವ ಸಾಲಿಗೆ ಬರುತ್ತಾರೆ," ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ಸಲ ಗೋದಲಿ ನನ್ನದು," ಎಂದಳು.

ಗೋದಲಿಯ ಹೊಲಕ್ಕೆಂದು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತಿದಳು. ನೀರು ಹೆಚ್ಚಾಗಿ ಅರ್ಧ ಕೊಳೆಯಿತು. ನನ್ನ ಕೈ ತುರಿಸಿತು, ಆದರೆ ತಡೆದುಕೊಂಡೆ. ಅವಳೇ ಮತ್ತೆ ಬಿತ್ತಿದಳು. ಹಬ್ಬದ ಹಿಂದಿನ ರಾತ್ರಿ ಪೈರು ಬೆರಳುದ್ದವೂ ಇರಲಿಲ್ಲ. ಒಂದು ಮೂಲೆ ಬೋಳಾಗಿಯೇ ಇತ್ತು. ಬೆಳಗ್ಗೆ ತಮ್ಮನ ದಿಂಬಿನ ಕೆಳಗೆ ಬಣ್ಣದ ಪೆನ್ಸಿಲ್ ಡಬ್ಬಿ ಸಿಕ್ಕಿತು. ಅವನು ಕೂಗಾಡಿದಾಗ ಅವಳು ನನ್ನತ್ತ ಒಮ್ಮೆ ನೋಡಿದಳು, ಅಷ್ಟೆ.

ಇದು ಸುಳ್ಳನ್ನು ಮುಂದುವರಿಸಿದಂತಲ್ಲವೇ ಎಂದು ಕೆಲವರು ಕೇಳಿದರು. ಕೇಳಿದ ಮಗುವಿಗೆ ನಿಜ ಹೇಳಬೇಕು. ಕೇಳದ ಮಗುವಿನ ಆಟವನ್ನು ಕೆಡಿಸಬೇಕಾಗಿಲ್ಲ. ನನ್ನ ಅಭಿಪ್ರಾಯ ಇಷ್ಟೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮನೆಯಲ್ಲಿ ಗೋದಲಿ ಇರಲಾರದು. ಗೌರಿ-ಗಣೇಶ, ದಸರಾ ಗೊಂಬೆ, ರಂಜಾನ್ ಇರುತ್ತವೆ. ಮಾತು ಎಲ್ಲಕ್ಕೂ ಒಂದೇ. ಮಗುವಿಗೆ ಹತ್ತು ದಾಟಿದಾಗ ಹಬ್ಬದ ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿ, ಕೆಡಿಸಿದರೂ ಕಿತ್ತುಕೊಳ್ಳಬೇಡಿ. ನಾಚಿದರೆ ಗದರಿಸಬೇಡಿ.

ಈ ವರ್ಷ ರಾಗಿಯನ್ನು ಇನ್ನೂ ಮೊದಲೇ ಬಿತ್ತಬೇಕೆಂದು ಅವಳು ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ಗುರುತಿನ ಪಕ್ಕದಲ್ಲಿ ಚಿಕ್ಕದಾಗಿ ಬರೆದಿದ್ದಾಳೆ: "ತಾತ ನೀರು ಹಾಕಬಾರದು."