ನಡ್ಕೊಂಡು ಹೋದವನ ಕಾರು

(1)
ಮೊದಲನೇ ಫೋಟೋದಲ್ಲಿರೋ ಕಾರನ್ನ ನಿಮ್ಮಲ್ಲಿ ಅರ್ಧ ಜನ ಆಗಲೇ ಗುರುತು ಹಿಡಿದಿರ್ತೀರಿ. ತಿಳಿನೀಲಿ ಮೈ, ನಡುವೆ ಕಿತ್ತಳೆ ಪಟ್ಟೆ, ಬಾಗಿಲ ಮೇಲೆ ದೊಡ್ಡದಾಗಿ 6. ವಾಲ್‌ಪೇಪರ್, ಟೀ ಶರ್ಟು, ಆಟಿಕೆ ಕಾರು, ಗೇಮು, ಎಲ್ಲಿ ನೋಡಿದ್ರೂ ಇದೇ ಬಣ್ಣ. ಫೋರ್ಡ್ ಜಿಟಿ40. ನೆಲದಿಂದ ಛಾವಣಿಗೆ ಬರೀ 40 ಇಂಚು ಎತ್ತರ, ಹೆಸರಲ್ಲಿರೋ 40 ಅಲ್ಲಿಂದಲೇ ಬಂದಿದ್ದು. ನಮ್ಮ ಕ್ಲಾಸಿನ ಬೆಂಚಿಗಿಂತ ಚೂರು ಎತ್ತರ, ಅಷ್ಟೇ.

ಜಿಟಿ40 ಅಂದ ಕೂಡಲೇ ನೀವೆಲ್ಲಾ ಶುರು ಮಾಡೋದು 'ಫೋರ್ಡ್ ವರ್ಸಸ್ ಫೆರಾರಿ' ಸಿನಿಮಾದಿಂದ. ಒಳ್ಳೇ ಸಿನಿಮಾನೇ, ನಾನೂ ಮೂರು ಸಲ ನೋಡಿದ್ದೀನಿ. ಆದ್ರೆ ಅದು 1966ಕ್ಕೆ ಮುಗಿದುಹೋಗುತ್ತೆ. ಈ ಕಾರಿನ ನಿಜವಾದ ಕತೆ ಇರೋದು ಅದಾದ ಮೇಲೆ, 1968 ಮತ್ತು 1969ರಲ್ಲಿ ಅನ್ನೋದು ನನ್ನ ವಾದ. ಅದರಲ್ಲೂ ಒಂದೇ ಒಂದು ಕಾರು. ಚಾಸಿ ಸಂಖ್ಯೆ 1075. ಫ್ರಾನ್ಸಿನ ಲೆ ಮಾನ್‌ನ 24 ಗಂಟೆ ರೇಸನ್ನ ಅದೇ ಚಾಸಿ ಎರಡು ವರ್ಷ ಸತತವಾಗಿ ಗೆದ್ದಿತು. ಅದರ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋ ಗಳಿಗೆಯಲ್ಲಿ ಕಾರು ಸುಮ್ನೆ ನಿಂತಿತ್ತು. ಎಂಜಿನ್ನೂ ಆಫ್.

(2)
ಹಿನ್ನೆಲೆ ಬೇಗ ಹೇಳಿಬಿಡ್ತೀನಿ. 1963ರಲ್ಲಿ ಎರಡನೇ ಹೆನ್ರಿ ಫೋರ್ಡ್ ಫೆರಾರಿ ಕಂಪನಿಯನ್ನೇ ಕೊಳ್ಳೋಕೆ ಹೋದ, ಕೊನೇ ಗಳಿಗೆಯಲ್ಲಿ ಎಂಜೊ ಫೆರಾರಿ ಎದ್ದು ಹೋದ. ಸಿಟ್ಟಿಗೆ ಹುಟ್ಟಿದ ಕಾರು ಇದು. 1964, 1965ರಲ್ಲಿ ಲೆ ಮಾನ್‌ಗೆ ಹೋದ ಒಂದು ಜಿಟಿ40 ಕೂಡ ರೇಸ್ ಮುಗಿಸಲಿಲ್ಲ. 1966ರಲ್ಲಿ ಏಳು ಲೀಟರಿನ ಎಂಜಿನ್ ಹಾಕಿ ಮೊದಲ ಮೂರೂ ಸ್ಥಾನ ಬಾಚಿದರು. 1967ರಲ್ಲಿ ಮತ್ತೆ ಗೆದ್ದರು. ಆಮೇಲೆ ಫೋರ್ಡ್ ಸಾಕು ಅಂತ ಹೊರಟೇ ಹೋಯ್ತು.

ನಿಯಮವೂ ಬದಲಾಯ್ತು. ಪ್ರೋಟೋಟೈಪ್ ಕಾರುಗಳಿಗೆ 3 ಲೀಟರ್ ಮಿತಿ. ಕನಿಷ್ಠ 50 ಕಾರು ತಯಾರಾಗಿರೋ ಸ್ಪೋರ್ಟ್ಸ್ ಕಾರಾದ್ರೆ 5 ಲೀಟರ್ ತನಕ ಬಿಡ್ತಾರೆ. ಅಂದ್ರೆ ಏಳು ಲೀಟರಿನ ದೈತ್ಯಗಳೆಲ್ಲ ಮನೆಗೆ, ಹಳೇ ಸಣ್ಣ ಎಂಜಿನ್ನಿನ ಜಿಟಿ40ಗೆ ಮಾತ್ರ ಒಂದು ಬಾಗಿಲು ತೆರೆದಿತ್ತು. ಇಂಗ್ಲೆಂಡಿನ ಜಾನ್ ವೈಯರ್ ಅನ್ನೋ ತಂಡದ ಯಜಮಾನ ಆ ಬಾಗಿಲಿಂದ ಒಳಗೆ ನುಗ್ಗಿದ. ಗಲ್ಫ್ ತೈಲ ಕಂಪನಿ ದುಡ್ಡು ಕೊಟ್ಟಿತು, ಆ ಬಣ್ಣ ಅವರದ್ದು. ಲೆಕ್ಕಕ್ಕೆ ನೋಡಿದ್ರೆ ನಾಲ್ಕು ವರ್ಷದ ಹಿಂದಿನ ವಿನ್ಯಾಸ. ಕೆಲವೇ ತಿಂಗಳಿಗೆ ಕಾರು ಹಳೇದಾಗ್ತಿದ್ದ ಕಾಲ ಅದು.

1968ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದು ದೇಶವೇ ಸ್ತಬ್ಧ ಆಗಿದ್ದರಿಂದ ಜೂನಿನ ರೇಸು ಸೆಪ್ಟೆಂಬರಿಗೆ ಹೋಯ್ತು. ಅಷ್ಟರಲ್ಲಿ ವೈಯರ್ ತಂಡದ ಬೆಲ್ಜಿಯಂ ಹುಡುಗ ಜಾಕಿ ಇಕ್ಸ್ ಕೆನಡಾದಲ್ಲಿ ಕಾಲು ಮುರ್ಕೊಂಡಿದ್ದ. ಹಾಗಾಗಿ 1075ರಲ್ಲಿ ಕೂತಿದ್ದು ಮೆಕ್ಸಿಕೋದ ಪೆಡ್ರೊ ರಾಡ್ರಿಗಸ್ ಮತ್ತು ಬೆಲ್ಜಿಯಂನ ಲೂಸಿಯೆನ್ ಬಿಯಾಂಕಿ. ಗೆದ್ದರು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ಪೂ ಫೋರ್ಡ್ ಹೆಸರಿಗೇ ಬಂತು.

(3)
ಸಾಮಾನ್ಯವಾಗಿ ಇಲ್ಲಿಗೆ ಬಂದ ಮೇಲೆ ಪೇಜುಗಳು ಟ್ರೋಫಿ ಫೋಟೋ ಹಾಕಿ ಮುಗಿಸ್ತವೆ. ನಾನು ಅದೇ ರೇಸಿನ ಇನ್ನೆರಡು ಸುದ್ದಿ ಹೇಳ್ತೀನಿ.

ಒಂದು: ಲೂಸಿಯೆನ್ ಗೆದ್ದ ಅದೇ ರೇಸಲ್ಲಿ ಅವನ ತಮ್ಮ ಮೌರೊ ಬಿಯಾಂಕಿ ಇನ್ನೊಂದು ಕಾರಲ್ಲಿದ್ದ. ಅಪಘಾತ, ಬೆಂಕಿ. ತೀವ್ರ ಸುಟ್ಟಗಾಯ, ರೇಸಿಂಗ್ ಬದುಕೇ ಮುಗೀತು. ಆರು ತಿಂಗಳಿಗೆ ಲೂಸಿಯೆನ್ ಕೂಡ ಲೆ ಮಾನ್‌ನಲ್ಲೇ ಪರೀಕ್ಷಾ ಓಟದಲ್ಲಿ ತೀರಿಕೊಂಡ. ಫಾರ್ಮುಲಾ ಒನ್ ನೋಡೋರಿಗೆ ಬಿಯಾಂಕಿ ಹೆಸರು ಕೇಳಿದ ಕೂಡಲೇ ಯಾರೋ ನೆನಪಾಗಿರ್ತಾರೆ. ಹೌದು, 2015ರಲ್ಲಿ ತೀರಿಕೊಂಡ ಜೂಲ್ಸ್, ಈ ಮೌರೊನ ಮೊಮ್ಮಗ. 1075ನ್ನ ಗೆಲ್ಲಿಸಿದ ಇನ್ನೊಬ್ಬ, ಪೆಡ್ರೊ, 1971ರಲ್ಲಿ ಜರ್ಮನಿಯ ರೇಸೊಂದರಲ್ಲಿ ಹೋದ. ಮೂರು ವರ್ಷದೊಳಗೆ ವಿಜೇತರಿಬ್ಬರೂ ಇಲ್ಲ.

ಎರಡು: ವಿಲ್ಲಿ ಮೇರೆಸ್, ಅವನೂ ಬೆಲ್ಜಿಯಂನವನು, ಇನ್ನೊಂದು ತಂಡದ ಜಿಟಿ40ಯಲ್ಲಿದ್ದ. ಈ ಕಾರಿನ ಬಾಗಿಲನ್ನ ಮೂರನೇ ಫೋಟೋದಲ್ಲಿ ಜೂಮ್ ಮಾಡಿ ನೋಡಿ. ಬಾಗಿಲಿನ ಜೊತೆ ಛಾವಣಿಯ ಒಂದು ತುಂಡೂ ಮೇಲೇಳುತ್ತೆ. ಸರಿಯಾಗಿ ಹಾಕ್ಕೊಳ್ಳೋಕೆ ಒಂದು ಕ್ಷಣ ಬೇಕು. ಮೇರೆಸ್‌ಗೆ ಆ ಕ್ಷಣ ಇರಲಿಲ್ಲ. ಮೊದಲನೇ ಸುತ್ತಲ್ಲೇ, ಕಾರು ಪೂರ್ತಿ ವೇಗದಲ್ಲಿದ್ದಾಗ ಬಾಗಿಲು ಹಾರಿ ತೆರ್ಕೊಂಡಿತು. ಬದುಕಿದ, ಆದ್ರೆ ಮತ್ತೆ ರೇಸಿಗೆ ಬರಲಿಲ್ಲ.

ಯಾಕೆ ಕ್ಷಣ ಇರಲಿಲ್ಲ? ಅದಕ್ಕೇ ಮುಂದಿನ ಪೋಸ್ಟು.

(4)
1925ರಿಂದ ಲೆ ಮಾನ್‌ನಲ್ಲಿ ಒಂದು ಪದ್ಧತಿ. ಕಾರುಗಳು ರಸ್ತೆಯ ಒಂದು ಪಕ್ಕ ಓರೆಯಾಗಿ ಸಾಲು ನಿಂತಿರ್ತವೆ. ಎದುರು ಪಕ್ಕ ಚಾಲಕರು. ಬಾವುಟ ಇಳಿದ ಕೂಡಲೇ ಎಲ್ಲರೂ ರಸ್ತೆ ದಾಟಿ ಓಡಿ, ಕಾರೊಳಗೆ ಧುಮುಕಿ, ಸ್ಟಾರ್ಟ್ ಮಾಡಿ ಹೊರಡಬೇಕು. ಜನಕ್ಕೆ ಹುಚ್ಚು ಇಷ್ಟ. ನೋಡೋಕೆ ನಿಜವಾಗ್ಲೂ ಚಂದ, ಹಳೇ ವಿಡಿಯೋ ನೋಡಿದ್ರೆ ನನಗೂ ಮೈ ಝುಮ್ ಅನ್ನುತ್ತೆ. ಪೋರ್ಷೆ ಕಾರಲ್ಲಿ ಕೀಲಿ ಎಡಗಡೆ ಇರೋದು ಇದೇ ಓಟದಲ್ಲಿ ಸಮಯ ಉಳಿಸೋಕೆ ಅಂತ ಹೇಳೋದುಂಟು.

ಸೀಟ್ ಬೆಲ್ಟ್ ಇಲ್ಲದ ಕಾಲಕ್ಕೆ ಈ ಪದ್ಧತಿ ನಡೀತಿತ್ತು. ಬೆಲ್ಟ್ ಬಂದ ಮೇಲೆ ಇದು ಕೊಲೆಗಡುಕ ಪದ್ಧತಿ ಆಯ್ತು. ರೇಸ್ ಕಾರಿನ ಬೆಲ್ಟು ನಮ್ಮ ಕಾರಿನ ಥರ ಒಂದು ಟಕ್ ಅಲ್ಲ. ಭುಜದ ಮೇಲಿಂದ, ಸೊಂಟದ ಸುತ್ತಿಂದ ಪಟ್ಟಿಗಳನ್ನ ಎಳೆದು ಸೇರಿಸಿ ಬಿಗಿ ಮಾಡಬೇಕು. ಅಷ್ಟರಲ್ಲಿ ಪಕ್ಕದವನು ಹೊರಟೇಹೋಗಿರ್ತಾನೆ. ಅದಕ್ಕೆ ಸುಮಾರು ಜನ ಹಾಗೇ ಹೊರಟು, ಆಮೇಲೆ ಸುಮಾರು ಆರು ಕಿಲೋಮೀಟರಿನ ನೇರ ರಸ್ತೆ ಸಿಕ್ಕಾಗ ಸ್ಟೀರಿಂಗನ್ನ ಮಂಡಿಯಲ್ಲಿ ಒತ್ತಿ ಹಿಡಿದು ಬೆಲ್ಟು ಹಾಕ್ಕೊಳ್ತಿದ್ದರು. ಇನ್ನು ಕೆಲವರು ಮೊದಲ ಪಿಟ್ ನಿಲುಗಡೆ ತನಕ ಹಾಕ್ಕೊಳ್ತಾನೇ ಇರಲಿಲ್ಲ.

1969, ಜೂನ್ 14, ಶನಿವಾರ. ಮಾರನೇ ದಿನ ಫ್ರಾನ್ಸಿನ ಅಧ್ಯಕ್ಷರ ಚುನಾವಣೆ, ಅದಕ್ಕೆ ರೇಸು ನಾಲ್ಕರ ಬದಲು ಎರಡು ಗಂಟೆಗೇ ಶುರು. 45 ಕಾರು. ಬಾವುಟ ಇಳೀತು. 44 ಜನ ಓಡಿದರು.

ಇಕ್ಸ್ ನಡೆದ.

(ಈಗ ಅವರು ದೊಡ್ಡ ಮನುಷ್ಯರು, ಲೆ ಮಾನನ್ನ ಆರು ಸಲ ಗೆದ್ದವರು. ಆದ್ರೆ ಆವತ್ತಿನ ಇಕ್ಸ್‌ಗೆ 24 ವರ್ಷ, ನಮ್ಮ ಸೀನಿಯರ್ ಬ್ಯಾಚಿನ ವಯಸ್ಸು, ಲೆ ಮಾನಲ್ಲಿ ಒಂದೂ ಗೆಲುವಿಲ್ಲ. ಅದಕ್ಕೇ 'ಅವನು' ಅಂತಿದ್ದೀನಿ.)

ಸಂಜೆ ವಾಕಿಂಗ್ ಹೊರಟವನ ಹಾಗೆ ರಸ್ತೆ ದಾಟಿದ. ಪಕ್ಕದಲ್ಲಿ ಬೇರೆ ಕಾರುಗಳು ಹೊರಡ್ತಿದ್ದವು. 1075ರ ಬಾಗಿಲು ತೆಗೆದು, ಒಳಗೆ ಕೂತು, ಬಾಗಿಲು ಸರಿಯಾಗಿ ಹಾಕಿ, ಬೆಲ್ಟುಗಳನ್ನ ಒಂದೊಂದಾಗಿ ಬಿಗಿದ. ಆಮೇಲೆ ಸ್ಟಾರ್ಟ್ ಮಾಡಿದ. ಎಲ್ಲರಿಗಿಂತ ಕೊನೆಯವನಾಗಿ ಹೊರಟ.

ಆ ಮೊದಲ ಸುತ್ತು ಮುಗಿಯೋದ್ರೊಳಗೆ ಇಂಗ್ಲೆಂಡಿನ ಜಾನ್ ವುಲ್ಫ್ ಅನ್ನೋ ಹವ್ಯಾಸಿ ಚಾಲಕನ ಹೊಚ್ಚ ಹೊಸ ಪೋರ್ಷೆ 917, ಮೇಜೋಂ ಬ್ಲಾಂಶ್ ಅನ್ನೋ ತಿರುವಲ್ಲಿ ಹತೋಟಿ ತಪ್ಪಿ ಛಿದ್ರ ಆಯ್ತು. ವುಲ್ಫ್ ಸತ್ತ. ಬೆಲ್ಟು ಹಾಕಿರಲಿಲ್ಲ.

(5)
ಇನ್ನು ರೇಸು. ಎದುರಿಗಿದ್ದ ಪೋರ್ಷೆ 917 ಅಂದ್ರೆ ನಾಲ್ಕೂವರೆ ಲೀಟರು, ಹನ್ನೆರಡು ಸಿಲಿಂಡರು, ಆ ಕಾಲದ ರಾಕೆಟ್ಟು. 1075ರದ್ದು ಐದು ಲೀಟರಿಗೆ ಚೂರು ಕಮ್ಮಿ ಇರೋ ವಿ8, ಅಮೆರಿಕದ ಮಾಮೂಲಿ ರಸ್ತೆ ಕಾರಿನ ವಂಶದ್ದು. ವೇಗದಲ್ಲಿ ಸಾಟಿಯೇ ಅಲ್ಲ. ವಿಕ್ ಎಲ್ಫರ್ಡ್, ರಿಚರ್ಡ್ ಅಟ್‌ವುಡ್ ಓಡಿಸ್ತಿದ್ದ 917 ಬಹುಪಾಲು ಹೊತ್ತು ಬಹಳ ಮುಂದಿತ್ತು, ಮುಗಿಯೋಕೆ ಸುಮಾರು ಮೂರು ಗಂಟೆ ಇದ್ದಾಗ ಕೆಟ್ಟು ನಿಂತಿತು. ಹಳೇ ಕಾರಿನ ಗುಣವೇ ಅದು, ಎಲ್ಲರೂ ಕೆಟ್ಟು ಹೋಗೋ ತನಕ ಕಾಯುತ್ತೆ.

ಉಳಿದಿದ್ದು ಇಬ್ಬರು. ಜಾಕಿ ಆಲಿವರ್ ಜೊತೆ 1075ನ್ನ ಹಂಚ್ಕೊಂಡಿದ್ದ ಇಕ್ಸ್ ಒಂದು ಕಡೆ, ಮೂರು ಲೀಟರಿನ ಪೋರ್ಷೆ 908ರಲ್ಲಿ ಹಾನ್ಸ್ ಹೆರ್ಮಾನ್ ಇನ್ನೊಂದು ಕಡೆ. ಕೊನೇ ಗಂಟೆ ಪೂರ್ತಿ ಒಬ್ಬರನ್ನೊಬ್ಬರು ದಾಟ್ತಾನೇ ಇದ್ದರು. ನೇರ ರಸ್ತೆಯಲ್ಲಿ ಮುಂದಿರೋನು ಗಾಳಿ ಸೀಳಿ ಕೊಡ್ತಾನೆ, ಹಿಂದಿರೋನು ಆ ದಾರಿಯಲ್ಲಿ ಜಾರಿ ಬಂದು ದಾಟ್ತಾನೆ. ಸೈಕಲ್ ತುಳಿಯುವಾಗ ಲಾರಿ ಹಿಂದೆ ಹೋದೋರಿಗೆ ಗೊತ್ತು (ಮಾಡಬೇಡಿ). ಹಾಗಾಗಿ ಇಕ್ಸ್ ಬೇಕಂತಲೇ ಹೆರ್ಮಾನನ್ನ ಮುಂದೆ ಬಿಡ್ತಿದ್ದ, ನೇರ ರಸ್ತೆ ಮುಗಿಯೋ ಹೊತ್ತಿಗೆ ದಾಟ್ತಿದ್ದ. ಕೊನೇ ಸುತ್ತು ಅಂದ್ಕೊಂಡು ಗೆರೆ ದಾಟಿದಾಗ ಎರಡು ಗಂಟೆಗೆ ಇನ್ನೂ ಕೆಲವು ಸೆಕೆಂಡು ಬಾಕಿ. ಇನ್ನೊಂದು ಸುತ್ತು ಓಡಬೇಕು! ಮತ್ತೆ ಅದೇ ಲೆಕ್ಕ, ಅದೇ ಜಾಗದಲ್ಲಿ ದಾಟಿದ.

ಸುಮಾರು 4,998 ಕಿಲೋಮೀಟರ್ ಓಡಿದ ಮೇಲೆ ಅಂತರ ಸುಮಾರು 120 ಮೀಟರ್. ನಮ್ಮ ಕಾಲೇಜು ಗೇಟಿಂದ ಕ್ಯಾಂಟೀನಿಗೆ ಇರೋ ದೂರ.

(6)
ಈಗ ನನ್ನ ಜಗಳ.

ಈ ಕತೆಯನ್ನ ಎಲ್ಲರೂ ಹೇಳೋದು ಹೀಗೆ: 'ನೋಡಿ, ನಡ್ಕೊಂಡು ಹೋದ್ರೂ ಗೆದ್ದ, ಹಾಗಾಗಿ ನಡೆದಿದ್ದು ಸರಿ.' ಕೇಳೋಕೆ ಚೆನ್ನಾಗಿದೆ. ಆದ್ರೆ ಗೆಲುವನ್ನ ಸಾಕ್ಷಿಗೆ ತರಬೇಡಿ ಅಂತೀನಿ. ಆ 120 ಮೀಟರ್ ಉಲ್ಟಾ ಆಗಿದ್ದಿದ್ರೆ? ಆಗೋಕೆ ಏನೂ ಕಷ್ಟ ಇರಲಿಲ್ಲ. ಒಂದು ಗೇರು ತಡವಾಗಿ ಬಿದ್ದಿದ್ರೆ ಸಾಕಿತ್ತು. ಆಗ ಇದೇ ಜನ 'ಶುರುವಿನಲ್ಲಿ ಪೋಸು ಕೊಟ್ಟು ಕಳ್ಕೊಂಡ ಸೆಕೆಂಡುಗಳೇ ಸೋಲಿಸಿದ್ವು' ಅಂತಿದ್ರು. ಯಜಮಾನ ವೈಯರ್‌ಗೆ, ದುಡ್ಡು ಕೊಟ್ಟ ತೈಲ ಕಂಪನಿಗೆ, ಜೊತೆ ಚಾಲಕ ಆಲಿವರ್‌ಗೆ ಇಕ್ಸ್ ಉತ್ತರ ಕೊಡಬೇಕಿತ್ತು. ಜೀವನಪೂರ್ತಿ ಆ ಮಾತು ಅವನ ಬೆನ್ನು ಬಿಡ್ತಿರಲಿಲ್ಲ. ಅಷ್ಟು ಗೊತ್ತಿದ್ದೂ ನಡೆದ. ಅವನು ಪಣಕ್ಕಿಟ್ಟಿದ್ದು ಅದನ್ನ. ಸೋತಿದ್ರೂ ಆ ನಡಿಗೆ ಅಷ್ಟೇ ಸರಿ ಇರ್ತಿತ್ತು, ಯಾಕಂದ್ರೆ ಮೇಜೋಂ ಬ್ಲಾಂಶ್‌ನಲ್ಲಿ ಏನಾಯ್ತು ಅನ್ನೋದು ಬದಲಾಗ್ತಿರಲಿಲ್ಲ.

'24 ಗಂಟೆ ರೇಸಲ್ಲಿ ಕೆಲವು ಸೆಕೆಂಡು ಯಾವ ಲೆಕ್ಕ' ಅಂತ ಕೇಳೋರೂ ಇದ್ದಾರೆ. ಹಾಗಾದ್ರೆ 44 ಜನ ಯಾಕೆ ಓಡಿದ್ರು? ಅವರಿಗೂ ಲೆಕ್ಕ ಬರ್ತಿತ್ತು. ಓಡಿದ್ದು ಪಕ್ಕದವನು ಓಡಿದ್ದಕ್ಕೆ.

ಇದನ್ನ ಬರೆಯೋಕೆ ನನಗೆ ಹಕ್ಕಿದೆಯೋ ಇಲ್ವೋ. ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ದೊಡ್ಡಪ್ಪನ ಮಗನ ಕಾರಲ್ಲಿ ಐದು ಜನ ಇದ್ವಿ. ಮುಂದಿನ ಎರಡೂ ಬಕಲ್‌ಗೆ ಚಿಕ್ಕ ಲೋಹದ ಕ್ಲಿಪ್ಪು ಸಿಕ್ಕಿಸಿತ್ತು. ಬೆಲ್ಟು ಹಾಕದಿದ್ರೂ ಕಾರು ಬೀಪ್ ಅನ್ನಬಾರದು ಅಂತ. ಹಿಂದಿನ ಬೆಲ್ಟುಗಳು ಸೀಟಿನ ಕವರಿನ ಕೆಳಗೆ ಎಲ್ಲೋ ಹೂತುಹೋಗಿದ್ವು. ನಾನು ಕೈ ಹಾಕಿ ಹುಡುಕೋಕೆ ಶುರು ಮಾಡಿದೆ. 'ಏನೋ, ವಿಮಾನ ಓಡಿಸ್ತೀಯಾ?' ಅಂದ ಅಣ್ಣ. ಎಲ್ಲರೂ ನಕ್ಕರು. ನಾನೂ ನಕ್ಕು ಕೈ ತೆಗೆದೆ. ಎಂಟು ಗಂಟೆ ಪ್ರಯಾಣ. ಲ್ಯಾಪ್‌ಟಾಪ್ ಮೇಲೆ 1075ರ ಸ್ಟಿಕ್ಕರ್ ಅಂಟಿಸ್ಕೊಂಡಿರೋ ಮನುಷ್ಯ ನಾನು.

ಇಕ್ಸ್ ನಡೆದಾಗ ನೋಡ್ತಿದ್ದಿದ್ದು ನಾಲ್ಕು ಜನ ಅಲ್ಲ, ಲಕ್ಷಗಟ್ಟಲೆ ಜನ. ಅವನಿಗೆ ನಾಚಿಕೆ ಆಗಿರಲಿಲ್ವಾ ಅಂತ ಆವತ್ತು ರಾತ್ರಿ ತುಂಬಾ ಯೋಚಿಸಿದೆ.

(7)
ಕೊನೇ ಪೋಸ್ಟು, ಉಳಿದ ಚೂರುಪಾರು.

1970ರಲ್ಲಿ ಚಾಲಕರು ಬೆಲ್ಟು ಬಿಗಿದು ಕಾರಲ್ಲೇ ಕೂತಿದ್ದರು, ಅಲ್ಲಿಂದಲೇ ರೇಸು ಶುರುವಾಯ್ತು. 45 ವರ್ಷದ ಓಟ ಅಲ್ಲಿಗೆ ಮುಗೀತು. ಆ ವರ್ಷ ಗೆದ್ದಿದ್ದು ಯಾರು ಗೊತ್ತಾ? 120 ಮೀಟರಲ್ಲಿ ಸೋತಿದ್ದ ಅದೇ ಹೆರ್ಮಾನ್, ಕೆಟ್ಟು ನಿಂತ 917ರಲ್ಲಿದ್ದ ಅದೇ ಅಟ್‌ವುಡ್ ಜೊತೆ. ಗೆದ್ದು ಹೆರ್ಮಾನ್ ರೇಸಿಂಗಿಗೇ ನಮಸ್ಕಾರ ಹಾಕಿದ. ಜಾಣ.

1075ರ ಒಡಹುಟ್ಟು 1074ರ ಛಾವಣಿಯನ್ನ ಸ್ಟೀವ್ ಮೆಕ್ವೀನ್‌ನ 'ಲೆ ಮಾನ್' ಸಿನಿಮಾಗೆ ಕ್ಯಾಮೆರಾ ಕಾರು ಮಾಡೋಕೆ ಕತ್ತರಿಸಿದರು. ಆಮೇಲೆ ಸರಿ ಮಾಡಿ, 2012ರಲ್ಲಿ 1.1 ಕೋಟಿ ಡಾಲರಿಗೆ ಹರಾಜಾಯ್ತು. ಈ ಬೆಲೆಯ ಸುದ್ದಿಯನ್ನೇ ಎಲ್ಲರೂ ಶೇರ್ ಮಾಡೋದು, ನನಗೆ ಅದರಲ್ಲಿ ಅಷ್ಟು ರುಚಿ ಇಲ್ಲ.

ನನಗೆ ರುಚಿ ಇರೋದು ಸೋಮವಾರದ ಬೆಳಗ್ಗೆಯಲ್ಲಿ. ರೇಸು ಗೆದ್ದ ಮಾರನೇ ದಿನ ಇಕ್ಸ್ ತನ್ನ ಸ್ವಂತ ಪೋರ್ಷೆ 911ರಲ್ಲಿ ಪ್ಯಾರಿಸ್ ಕಡೆ ಹೊರಟಿದ್ದ. ಮಾಮೂಲಿ ರಸ್ತೆ. ಬಾವುಟ ಇಲ್ಲ, ಜನ ಇಲ್ಲ. ಎದುರಿಗೆ ಒಂದು ಕಾರು ಅಡ್ಡ ನುಗ್ಗಿತು. 911 ಕಂಬಕ್ಕೆ ಬಡಿದು ಜಜ್ಜಿಹೋಯ್ತು. ಇಕ್ಸ್ ಬೆಲ್ಟು ಬಿಚ್ಚಿ, ಕೆಳಗಿಳಿದ.

#ಹಳೇಗಾಡಿ #ಜಿಟಿ40 #ಲೆಮಾನ್1969