ಮನೆವಾರ್ತೆ: ಪುಟ್ಟ ಪೆಟ್ಟಿಗೆಯ ಜ್ವರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೂ ಮನೆಯ ಯಂತ್ರವೊಂದು ಕೆಟ್ಟು ನಿಂತಾಗ ನಾವು ಮಾಡುವುದು ಬಹುಮಟ್ಟಿಗೆ ಅದನ್ನೇ. ಕಾರಣವನ್ನರಿಯುವ ಮೊದಲೇ ಯಾರನ್ನಾದರೂ ದೂರುತ್ತೇವೆ. ದೂರಿದುದು ಸಾಲದೆಂಬಂತೆ ಹಣವನ್ನೂ ತೆತ್ತು ಬರುತ್ತೇವೆ. ಹೋದ ಬೇಸಗೆಯಲ್ಲಿ ದಾವಣಗೆರೆಯ ನಮ್ಮ ಅಕ್ಕನ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಈ ಸಾರಿ ವಾಚಕರ ಮುಂದಿಡುತ್ತೇವೆ. ಅಂತಹ ಯಂತ್ರಗಳು ಈಗ ಅನೇಕ ಮನೆಗಳನ್ನು ಸೇರಿರುವುದರಿಂದ, ಇದು ಕೆಲವರಿಗಾದರೂ ಉಪಯೋಗಕ್ಕೆ ಬಂದೀತೆಂದು ನಂಬಿದ್ದೇವೆ.

ಅಕ್ಕನ ಮಗನು ಇಂಜಿನಿಯರಿಂಗ್ ವಿದ್ಯಾರ್ಥಿ. ಎರಡು ವರ್ಷಗಳ ಹಿಂದೆ ಅಕ್ಕನು ತನ್ನ ಚೀಟಿಯ ಹಣವನ್ನು ಎತ್ತಿ ಅವನಿಗೊಂದು ಕಂಪ್ಯೂಟರನ್ನು ಕೊಡಿಸಿದ್ದಳು. ಓದಿಗೂ ಆಗಬೇಕು, ಆಟಕ್ಕೂ ಆಗಬೇಕು, ಮನೆಯಲ್ಲಿ ಜಾಗವನ್ನೂ ಹೆಚ್ಚು ಹಿಡಿಯಬಾರದು ಎಂದು ಅವನು ಪುಟ್ಟ ಪೆಟ್ಟಿಗೆಯ ಬಗೆಯನ್ನೇ ಆರಿಸಿದ್ದನು. ಈ ಪೆಟ್ಟಿಗೆಗಳೊಳಗಿನ ಮುಖ್ಯ ಹಲಗೆಯು ೧೭೦ ಮಿಲಿಮೀಟರು ಉದ್ದ, ಅಷ್ಟೇ ಅಗಲ. ಮಿನಿ ಐಟಿಎಕ್ಸ್ ಎಂಬ ಈ ಅಳತೆಯನ್ನು ತೈವಾನಿನ ವಿಯಾ ಕಂಪೆನಿಯವರು ೨೦೦೧ರಲ್ಲಿ ಬಳಕೆಗೆ ತಂದರು. ಹಲಗೆ ಚಿಕ್ಕದಾದರೂ ಅದರ ಮೇಲೆ ಕೂರಿಸುವ ಪ್ರೊಸೆಸರು ದೊಡ್ಡ ಯಂತ್ರದ್ದೇ. ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡೂ ಹಾಗೆಯೇ. ಆದುದರಿಂದ ದೊಡ್ಡ ಪೆಟ್ಟಿಗೆಯಲ್ಲಿ ಹುಟ್ಟುವಷ್ಟೇ ಶಾಖವು ಇಲ್ಲಿಯೂ ಹುಟ್ಟುತ್ತದೆ. ಹೊರಹೋಗುವ ದಾರಿ ಮಾತ್ರ ಕಿರಿದು.

ಚೈತ್ರದಲ್ಲಿ ಯಂತ್ರಕ್ಕೆ ಕಾಯಿಲೆ ತೊಡಗಿತು. ಅರ್ಧ ಗಂಟೆ ಆಡುವಷ್ಟರಲ್ಲಿ ಪರದೆ ಕಪ್ಪಾಗಿ ಯಂತ್ರವು ತಟ್ಟನೆ ಆರಿಹೋಗುವುದು. ಕೆಲವು ಸಲ ತಾನಾಗಿಯೇ ಮತ್ತೆ ಹತ್ತಿಕೊಳ್ಳುವುದು. “ಹಗಲೂ ರಾತ್ರಿ ಆಟವಾಡಿದರೆ ಯಂತ್ರವೇನು, ಮನುಷ್ಯನೂ ಬಿದ್ದುಹೋಗುತ್ತಾನೆ” ಎಂದರು ನಮ್ಮ ಭಾವನವರು. ಕಾಲೇಜಿನ ಕೆಲಸ ಮಾಡುವಾಗಲೂ ಹಾಗಾಗುತ್ತದೆಂದು ಹುಡುಗನು ಹೇಳಿದುದನ್ನು ಅವರು ನಂಬಲಿಲ್ಲ. ಬಂದ ನೆಂಟರ ಎದುರಿಗೇ ಅವನನ್ನು ಸುಳ್ಳುಗಾರನೆಂದರು. ಅಂಗಡಿಯೊಂದರಲ್ಲಿ ತೋರಿಸಿದಾಗ, ಪವರ್ ಸಪ್ಲೈ ಮತ್ತು ಮುಖ್ಯ ಹಲಗೆ ಎರಡನ್ನೂ ಬದಲಿಸಬೇಕು, ೩೨,೦೦೦ ರೂಪಾಯಿ ಆಗುತ್ತದೆ ಎಂದರು. ಬಂದಷ್ಟು ಬೆಲೆಗೆ ಅದನ್ನು ಮಾರಿಬಿಡುವುದೆಂದು ಭಾವನವರು ನಿಶ್ಚಯಿಸಿದರು. ಹುಡುಗನು ಊಟಕ್ಕೆ ತಂದೆಯೊಡನೆ ಕೂರುವುದನ್ನೇ ಬಿಟ್ಟನು. ಅಕ್ಕನು ನಮಗೆ ಹೇಳಿಕಳುಹಿಸಿದುದು ಆಗ.

ನಾವು ಹೋಗಿ ನೋಡಲು, ಯಂತ್ರವು ನಡುಮನೆಯ ಗೋಡೆಯ ಬೀರುವಿನಲ್ಲಿ, ಮೂರು ಕಡೆಯೂ ಹಲಗೆಗೆ ತಗುಲಿಕೊಂಡು ಕುಳಿತಿದ್ದಿತು. ಧೂಳು ಬೀಳಬಾರದೆಂದು ಅಕ್ಕನೇ ಕಸೂತಿಯ ಬಟ್ಟೆಯೊಂದನ್ನು ಅದಕ್ಕೆ ಹೊದಿಸಿದ್ದಳು. ನಾವು ಮೊದಲು ಕೇಳಿದುದು ಸ್ಕ್ರೂಡ್ರೈವರನ್ನಲ್ಲ, ಒಂದು ಪುಸ್ತಕವನ್ನು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅಕ್ಕನು ಗೆರೆಯೆಳೆದು ನಾಲ್ಕು ಅಂಕಣಗಳನ್ನು ಮಾಡಿದಳು: ಯಾವ ಹೊತ್ತಿನಲ್ಲಿ ಆರಿತು, ಆಗ ಏನು ಕೆಲಸ ನಡೆದಿತ್ತು, ಉಷ್ಣತೆ ಎಷ್ಟಿತ್ತು, ಯಾವ ರೀತಿಯಾಗಿ ಆರಿತು. ಉಷ್ಣತೆಯನ್ನು ಪರದೆಯ ಮೂಲೆಯಲ್ಲಿ ತೋರಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ.

ಈ ನಾಲ್ಕನೆಯ ಅಂಕಣವು ಬಹು ಮುಖ್ಯವಾದುದು. ಈಗಿನ ಪ್ರೊಸೆಸರುಗಳು ಶಾಖಕ್ಕೆ ಹೆದರಿ ಒಮ್ಮೆಗೇ ಪ್ರಾಣಬಿಡುವುವಲ್ಲ. ತಮ್ಮ ಮಿತಿಯನ್ನು ಮುಟ್ಟಿದೊಡನೆ ಅವು ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಹಲವು ಇಂಟೆಲ್ ಪ್ರೊಸೆಸರುಗಳಿಗೆ ಈ ಮಿತಿಯು ೧೦೦ ಡಿಗ್ರಿ ಸೆಲ್ಸಿಯಸ್, ರೈಜನ್ ೭೦೦೦ ಸರಣಿಯ ಹೆಚ್ಚಿನವಕ್ಕೆ ೯೫. ಹಾಗೆ ತಗ್ಗಿಸಿಕೊಂಡರೂ ಶಾಖವು ಏರಿದರೆ ಮಾತ್ರ ಕೊನೆಗೆ ಆರುತ್ತವೆ. ಆದುದರಿಂದ ಫ್ಯಾನು ಬೊಬ್ಬಿರಿದು, ಆಟವು ಕುಂಟುತ್ತ ನಡೆದು, ಆಮೇಲೆ ಯಂತ್ರವು ಆರಿದರೆ ಶಾಖವನ್ನು ಶಂಕಿಸಬೇಕು. ತಣ್ಣಗಿರುವಾಗಲೇ ತಟ್ಟನೆ ಆರಿದರೆ ವಿದ್ಯುತ್ತು, ಮೆಮೊರಿ, ಜೋಡಣೆಗಳ ಕಡೆಗೆ ನೋಡಬೇಕು. ನೀಲಿ ಪರದೆಯ ಮೇಲೆ ಅಕ್ಷರಗಳು ಮೂಡಿದರೆ ಅವನ್ನು ಹಾಗೆಯೇ ಬರೆದಿಟ್ಟುಕೊಳ್ಳಬೇಕು.

ಅಂಗಡಿಯವರು ವಿಂಡೋಸಿನ ದಾಖಲೆಯಲ್ಲಿ ‘ಕರ್ನಲ್ ಪವರ್ ೪೧’ ಎಂಬ ಸಾಲನ್ನು ತೋರಿಸಿ, ಪವರ್ ಸಪ್ಲೈ ಕೆಟ್ಟಿದೆಯೆಂದು ಹೇಳಿದ್ದರಂತೆ. ಆ ಸಾಲಿನ ಅರ್ಥವು ಯಂತ್ರವು ಕ್ರಮವಾಗಿ ಮುಚ್ಚದೆ ನಿಂತಿತೆಂದು ಮಾತ್ರ. ಏತಕ್ಕೆ ನಿಂತಿತೆಂಬುದನ್ನು ಅದು ಹೇಳುವುದಿಲ್ಲ. ಮನೆಯವರು ಬಿದ್ದಿದ್ದಾರೆಂದು ನೆರೆಯವನು ಬಂದು ಹೇಳಿದ ಮಾತ್ರಕ್ಕೆ ಅವನನ್ನು ವೈದ್ಯನೆನ್ನಲಾದೀತೆ?

ಮೂರು ದಿನಗಳಲ್ಲಿ ಯಂತ್ರವು ಐದು ಸಲ ಆರಿತು. ನಾಲ್ಕು ಸಲ ಉಷ್ಣತೆಯು ೧೦೦ನ್ನು ಮುಟ್ಟಿದ್ದಿತು. ಬಟ್ಟೆಯನ್ನು ತೆಗೆದು, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಪಕ್ಕದ ಮುಚ್ಚಳವನ್ನು ಬಿಚ್ಚಿ ಮೇಜಿನ ಫ್ಯಾನನ್ನು ಅದರತ್ತ ತಿರುಗಿಸಿದೆವು. ಉಷ್ಣತೆಯು ೮೪ಕ್ಕಿಳಿಯಿತು. ಹೀಗೆ ಚೆನ್ನಾಗಿ ಇಳಿದರೆ ಗಾಳಿಯ ದಾರಿಯಲ್ಲಿ ತೊಡಕಿದೆಯೆಂದು ತಿಳಿಯಬೇಕು. ಇಳಿಯದಿದ್ದರೆ, ಪ್ರೊಸೆಸರಿಗೂ ಅದರ ಮೇಲಿನ ಶಾಖ ಹೀರುವ ಲೋಹಕ್ಕೂ ಸ್ಪರ್ಶವು ಸರಿಯಾಗಿಲ್ಲ, ಇಲ್ಲವೆ ನಡುವಣ ಥರ್ಮಲ್ ಪೇಸ್ಟು ಒಣಗಿದೆ ಎಂದು ಊಹಿಸಬಹುದು.

ಗಾಳಿಯ ದಾರಿಯನ್ನು ನೋಡಲು ಅಕ್ಕನು ದೇವರ ಮನೆಯಿಂದ ಒಂದು ಊದುಬತ್ತಿಯನ್ನು ತಂದಳು. ಗೇಣು ದೂರದಲ್ಲಿ ಹಿಡಿದಾಗ ಹೊಗೆಯು ಎಲ್ಲಿ ಒಳಸೇರುತ್ತದೆ, ಎಲ್ಲಿ ಹೊರದೂಡಲ್ಪಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೇಲಿನ ಎರಡು ಫ್ಯಾನುಗಳಲ್ಲಿ ಒಂದು ಹೊರಗೆ ಊದುತ್ತಿದ್ದರೆ ಇನ್ನೊಂದು ಆ ಬಿಸಿಗಾಳಿಯನ್ನೇ ಒಳಗೆಳೆಯುತ್ತಿದ್ದಿತು! ಸಾಮಾನ್ಯವಾಗಿ ಫ್ಯಾನಿನ ಮೋಟಾರನ್ನು ಹಿಡಿದಿರುವ ಅಡ್ಡಕಡ್ಡಿಗಳ ಕಡೆಯಿಂದ ಗಾಳಿಯು ಹೊರಬರುವುದು. ಅದನ್ನು ತಿರುಗಿಸಿ ಕೂರಿಸಿದೆವು.

ಧೂಳನ್ನು ತೆಗೆಯುವಾಗ ಕೆಲವು ಎಚ್ಚರಗಳು ಅವಶ್ಯ. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಒದ್ದೆ ಬಟ್ಟೆಯನ್ನು ಸೋಕಿಸಲಾಗದು. ಗಾಳಿಯೂದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಎಂದಿಗೂ ಬಿಚ್ಚಕೂಡದು; ಪ್ಲಗ್ಗನ್ನು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಪೇಸ್ಟನ್ನು ಬದಲಿಸುವವರು ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಆಟವು ಸೆಕೆಂಡಿಗೆ ೬೦ ಚಿತ್ರಗಳಿಗಿಂತ ಹೆಚ್ಚು ಮೂಡಿಸದಂತೆ ಮಿತಿಯಿಟ್ಟರೂ ಶಾಖವು ಎಷ್ಟೋ ತಗ್ಗುವುದುಂಟು.

ಇಷ್ಟನ್ನು ಮಾಡಿದ ಮೇಲೆ ಎಂಟು ದಿನ ಯಂತ್ರವು ಸುಖವಾಗಿ ನಡೆಯಿತು. ಒಂಬತ್ತನೆಯ ರಾತ್ರಿ ಮತ್ತೆ ಆರಿತು. “ನಾನು ಹೇಳಲಿಲ್ಲವೆ?” ಎಂದರು ಭಾವನವರು. ಹುಡುಗನ ಮುಖವು ಬಾಡಿತು. ಅಕ್ಕನು ಮಾತ್ರ ಪುಸ್ತಕವನ್ನು ತೆರೆದು, ಆರಿದಾಗಿನ ಉಷ್ಣತೆಯನ್ನು ಓದಿದಳು: ೭೧. ಮೊದಲು ಬರೆದಿದ್ದ ಐದರಲ್ಲಿ ಒಂದು ಸಲವೂ ಉಷ್ಣತೆಯು ಅಷ್ಟೇ ಕಡಮೆಯಿದ್ದಿತು. ಅಂದು ನಡೆದಿದ್ದುದು ಆಟವಲ್ಲ, ಕಾಲೇಜಿನ ಚಿತ್ರರಚನೆಯ ಕೆಲಸ. ಹುಡುಗನು ಹೇಳಿದುದು ನಿಜವಾಗಿದ್ದಿತು. ಒಂದೇ ಯಂತ್ರದಲ್ಲಿ ಎರಡು ರೋಗಗಳಿದ್ದುವು. ಒಂದು ಇನ್ನೊಂದನ್ನು ಮರೆಮಾಡಿದ್ದಿತು.

ಇಲ್ಲಿಂದ ಮುಂದೆ ಒಂದು ನಿಯಮವನ್ನು ಮಾಡಿಕೊಂಡೆವು: ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಯುಪಿಎಸ್ಸನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿದೆವು. ೬೦೦ ವಿಎ ಎಂದು ಬರೆದ ಎಷ್ಟೋ ಯುಪಿಎಸ್‌ಗಳು ಹೊರುವುದು ೩೬೦ ವಾಟುಗಳನ್ನು ಮಾತ್ರ; ಆಟದ ಯಂತ್ರಕ್ಕೆ ಅದು ಸಾಲದೆ ಹೋಗಬಹುದು. ಆದರೂ ಯಂತ್ರವು ಆರಿತು. ಅನಂತರ, ವೇಗ ಹೆಚ್ಚಿಸಿದ್ದ ಮೆಮೊರಿಯನ್ನು ಬಯಾಸಿನಲ್ಲಿ ಅದರ ಸಹಜ ವೇಗಕ್ಕೆ ಇಳಿಸಿದೆವು. ಮತ್ತೂ ಆರಿತು. ಉಳಿದುದು ಗ್ರಾಫಿಕ್ಸ್ ಕಾರ್ಡಿನ ಜೋಡಣೆ.

ಪುಟ್ಟ ಪೆಟ್ಟಿಗೆಗಳಲ್ಲಿ ಜಾಗ ಸಾಲದೆ ಈ ಕಾರ್ಡನ್ನು ಮುಖ್ಯ ಹಲಗೆಯ ಬೆನ್ನ ಹಿಂದೆ ನಿಲ್ಲಿಸಿ, ರೈಸರ್ ಎಂಬ ಪಟ್ಟಿಯಂತಹ ತಂತಿಯಿಂದ ಕೂಡಿಸುವುದುಂಟು. ಹುಡುಗನು ಹಿಂದಿನ ದೀಪಾವಳಿಯಲ್ಲಿ ಕಾರ್ಡನ್ನು ಬದಲಿಸಿದ್ದನು, ಪಟ್ಟಿಯನ್ನು ಬದಲಿಸಿರಲಿಲ್ಲ. ಹಳೆಯ ಪಟ್ಟಿಯು ಪಿಸಿಐಇ ಮೂರನೆಯ ತಲೆಮಾರಿನದು. ಹೊಸ ಕಾರ್ಡು ನಾಲ್ಕನೆಯದು. ನಾಲ್ಕನೆಯದರ ವೇಗವು ಮೂರನೆಯದರ ಎರಡರಷ್ಟು. ಹಳೆಯ ಪಟ್ಟಿಯು ಆ ವೇಗವನ್ನು ಕೆಲವೊಮ್ಮೆ ತಾಳುತ್ತದೆ, ಕೆಲವೊಮ್ಮೆ ತಾಳದು. ಹೊತ್ತುಗೊತ್ತಿಲ್ಲದೆ ಆರುವುದಕ್ಕೆ ಇದೇ ಕಾರಣವಿರಬಹುದೆಂದು, ಬಯಾಸಿನಲ್ಲಿ ಆ ಜೋಡಣೆಯನ್ನು ಮೂರನೆಯ ತಲೆಮಾರಿಗೆ ಇಳಿಸಿದೆವು. ಮೂರು ವಾರ ಯಂತ್ರವು ಒಮ್ಮೆಯೂ ಆರಲಿಲ್ಲ. ಸಂಶಯ ಉಳಿಯಬಾರದೆಂದು ಮತ್ತೆ ನಾಲ್ಕಕ್ಕೇರಿಸಿದೆವು. ಅದೇ ರಾತ್ರಿ ಆರಿತು. ಪುನಃ ಇಳಿಸಿದೆವು, ನಿಂತುಹೋಯಿತು. ಇದರಿಂದ ಆಟಕ್ಕೆ ಆದ ನಷ್ಟವು ಕಣ್ಣಿಗೆ ಕಾಣುವಂತಹುದಲ್ಲ. ಒಟ್ಟು ವೆಚ್ಚವು ಪೇಸ್ಟಿನ ಬೆಲೆಯೊಂದೇ.

ಬಳಸುವವನ ತಪ್ಪಿಲ್ಲದೆಯೂ ಯಂತ್ರವು ಕೆಡುವುದುಂಟೆಂಬುದಕ್ಕೆ ಲೋಕದಲ್ಲಿ ಬೇರೆ ನಿದರ್ಶನಗಳೂ ಇವೆ. ೧೩ ಮತ್ತು ೧೪ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಧಿಕ ವೋಲ್ಟೇಜಿನಿಂದ ಅಸ್ಥಿರವಾಗುತ್ತವೆಂದು ಇಂಟೆಲ್ ಕಂಪೆನಿಯವರೇ ೨೦೨೪ರಲ್ಲಿ ಒಪ್ಪಿ, ಬಯಾಸಿನ ಮೂಲಕ ತಿದ್ದುಪಡಿಯನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಅಂತಹ ಪ್ರೊಸೆಸರುಳ್ಳವರು ಬಯಾಸನ್ನು ಹೊಸದಾಗಿಸಿಕೊಳ್ಳುವುದು ಮೊದಲ ಕೆಲಸ. ಎನ್‌ಜೆಡ್‌ಎಕ್ಸ್‌ಟಿ ಕಂಪೆನಿಯ ಎಚ್೧ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ರೈಸರನ್ನು ಹಿಡಿದಿದ್ದ ಸ್ಕ್ರೂಗಳಿಂದ ಶಾರ್ಟ್ ಸರ್ಕ್ಯೂಟಾಗಿ ಬೆಂಕಿಯ ಅಪಾಯವಿದ್ದುದರಿಂದ ೨೦೨೧ರಲ್ಲಿ ಅದನ್ನು ಗ್ರಾಹಕರಿಂದ ಹಿಂದಕ್ಕೆ ಕರೆಯಬೇಕಾಯಿತು. ಆದುದರಿಂದ ಸುಟ್ಟ ವಾಸನೆ ಬಂದರೆ ಪರೀಕ್ಷೆಯ ಮಾತೇ ಬೇಡ; ಕೂಡಲೇ ಮೇನ್ ಸ್ವಿಚ್ಚನ್ನು ಆರಿಸಿ, ತಿಳಿದವರನ್ನು ಕರೆಯಬೇಕು.

ನಾವು ಊರಿಗೆ ಹೊರಟ ದಿನ ಭಾವನವರು ಅಕ್ಕನ ಪುಸ್ತಕವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಊಟಕ್ಕೆ ಎಲೆ ಹಾಕಿದಾಗ ಮಗನನ್ನು ಕರೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, “ನೀನು ಹೇಳಿದ್ದು ನಿಜವಾಗಿತ್ತಪ್ಪ, ನಾನು ಕೇಳಬೇಕಾಗಿತ್ತು” ಎಂದರು. ಹುಡುಗನು ತಲೆತಗ್ಗಿಸಿ, “ರಾತ್ರಿ ಎರಡು ಗಂಟೆಯವರೆಗೆ ಆಡಿದ್ದೂ ನಿಜವೇ ಅಪ್ಪ” ಎಂದನು. ಅಕ್ಕನು ಇಬ್ಬರಿಗೂ ತುಪ್ಪ ಬಡಿಸಿದಳು. ಹತ್ತು ಗಂಟೆಗೆ ಆಟ ಮುಗಿಯಬೇಕೆಂಬ ಒಪ್ಪಂದವೂ ಅದೇ ಪುಸ್ತಕದಲ್ಲಿ ಬರೆಯಲ್ಪಟ್ಟಿತು.

ಯಂತ್ರದ ವಿದ್ಯೆ ನಮಗೇಕೆಂದು ನಮ್ಮ ಸೋದರಿಯರು ಹಿಂಜರಿಯಬೇಕಾಗಿಲ್ಲ. ಮಗುವಿನ ಜ್ವರವನ್ನು ಹೊತ್ತುಹೊತ್ತಿಗೆ ನೋಡಿ ಬರೆದಿಟ್ಟು ವೈದ್ಯರಿಗೆ ತೋರಿಸುವ ತಾಯಿಯು ಈ ಪರೀಕ್ಷೆಯನ್ನೂ ಮಾಡಬಲ್ಲಳು. ಅಂಗಡಿಗೆ ಹೋಗಲೇಬೇಕಾಗಿ ಬಂದರೂ ಆ ಪುಸ್ತಕವನ್ನು ಜೊತೆಗೆ ಕೊಂಡೊಯ್ದರೆ ಬೇಡದ ಬದಲಾವಣೆಗೆ ಹಣ ತೆರುವುದು ತಪ್ಪೀತು. ತಮ್ಮ ಮನೆಗಳಲ್ಲಿ ಇಂತಹ ತೊಂದರೆಯನ್ನು ಕಂಡು ಪರಿಹರಿಸಿಕೊಂಡವರು ಅದರ ವಿವರವನ್ನು ನಮಗೆ ಬರೆದು ತಿಳಿಸಿದರೆ ಸಂತೋಷದಿಂದ ಇದೇ ಅಂಕಣದಲ್ಲಿ ಪ್ರಕಟಿಸುವೆವು.